ಹೆಬ್ಬೆರಳ ಸಂದಿನ ಬಿಂದು ಒತ್ತಿದರೆ ಗರ್ಭಕ್ಕೆ ಕುತ್ತೇ?

ಪ್ರಶ್ನೆ: ಡಾಕ್ಟರೇ, ನನಗೆ 28 ವರ್ಷ. ಕಾಲೇಜಿನ ದಿನಗಳಿಂದಲೂ ಅರೆತಲೆನೋವು ಇದೆ. ಈಗ ಬಸುರಿ, 18 ವಾರ ತುಂಬಿದೆ. ಎರಡು ತಿಂಗಳಿಂದ ತಲೆನೋವು ಹೆಚ್ಚಾಗಿದೆ. ಮಗುವಿಗೆ ಏನಾದರೂ ಆದೀತೆಂದು ಮಾತ್ರೆ ಮುಟ್ಟಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸವನ್ನು ಒತ್ತಿಕೊಳ್ಳಲು ಶುರುಮಾಡಿದೆ. ನೋವು ಕೊಂಚ ತಗ್ಗುತ್ತಿತ್ತು. ಕೈ ಸೋತಾಗ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಅಲ್ಲಿ ಸಿಕ್ಕಿಸಿಕೊಂಡು ಮಲಗಿದ್ದೂ ಉಂಟು. ಈಗ ಅಲ್ಲಿ ನೀಲಿಗಟ್ಟಿದೆ. ಕಳೆದ ವಾರ ನಾದಿನಿ ಅದನ್ನು ನೋಡಿ, ‘ಅಯ್ಯೋ ಅತ್ತಿಗೆ, ಅದು ಗರ್ಭ ಇಳಿಸುವ ಬಿಂದು. ಚೀನಾದವರು ಬಸುರಿಯರಿಗೆ ಅಲ್ಲಿ ಮುಟ್ಟುವುದೇ ಇಲ್ಲ’ ಎಂದಳು. ಅಂದಿನಿಂದ ನಿದ್ದೆ ಹತ್ತುತ್ತಿಲ್ಲ. ಗಂಡನಿಗೂ ಹೇಳಿಲ್ಲ. ನಾನೇ ಮಗುವಿಗೆ ತೊಂದರೆ ಮಾಡಿಬಿಟ್ಟೆನೇ? ಇನ್ನೊಂದು: ಅದು ‘ದೊಡ್ಡ ಕರುಳಿನ ಬಿಂದು’ ಎನ್ನುತ್ತಾರೆ, ಹಾಗಾದರೆ ಮಲಬದ್ಧತೆಗೂ ಆಗುತ್ತದೆಯೇ? ನಮ್ಮ ಅತ್ತೆಯವರು ಹಲ್ಲುನೋವಿಗೆ ತಿಂಗಳಿಂದ ಅಲ್ಲಿಯೇ ಒತ್ತಿಕೊಳ್ಳುತ್ತಿದ್ದಾರೆ, ಅದು ಸರಿಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಇವತ್ತು ರಾತ್ರಿ ನಿದ್ದೆ ಮಾಡಿ. ಬೆರಳಿನಿಂದಾಗಲಿ ಕ್ಲಿಪ್ಪಿನಿಂದಾಗಲಿ ಅಲ್ಲಿ ಒತ್ತಿಕೊಂಡದ್ದರಿಂದ ಮಗುವಿಗೆ ಏನಾದರೂ ಆಗಿರಬಹುದು ಎಂದು ಶಂಕಿಸಲು ನನಗೆ ಒಂದು ಕಾರಣವೂ ಕಾಣುತ್ತಿಲ್ಲ. ನಿಮ್ಮ ಪತ್ರ ಓದುತ್ತ ನಾನು ತಡೆದು ನಿಂತದ್ದು ಆ ಬಿಂದುವಿನ ಬಳಿಯಲ್ಲ. ಎರಡು ತಿಂಗಳಿಂದ ತಲೆನೋವು ಹೆಚ್ಚಿದೆ ಎನ್ನುತ್ತೀರಿ. ಹೆರಿಗೆ ವೈದ್ಯರಿಗೆ ತಿಳಿಸಿದ್ದೇನೆ ಎಂದು ಎಲ್ಲಿಯೂ ಬರೆದಿಲ್ಲ, ರಕ್ತದೊತ್ತಡ ಎಷ್ಟಿದೆ ಎಂಬುದೂ ಇಲ್ಲ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ನಾದಿನಿಯವರ ಮಾತನ್ನು ಬಿಡಿಸಿ ನೋಡೋಣ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಅರ್ಧ ನಿಜವಿರುವ ಮಾತೇ ನಿದ್ದೆ ಕೆಡಿಸುವುದು.

ನಾನು ಅರಿವಳಿಕೆ ವೈದ್ಯ. ನೋವು ತಗ್ಗಿಸುವುದೇ ಕಸುಬು. ಆಕ್ಯುಪಂಕ್ಚರ್ ಸೂಜಿ ಹಿಡಿಯಲು ಕಲಿತದ್ದು ಆಮೇಲೆ. ಕಲಿಯಲು ಹೋದವರಿಗೆ ಮೊದಲ ದಿನವೇ ತೋರಿಸುವ ಬಿಂದು ನೀವು ಒತ್ತುತ್ತಿದ್ದದ್ದೇ. ಚೀನೀ ಭಾಷೆಯಲ್ಲಿ ಅದರ ಹೆಸರು ‘ಹೆಗು’. ಹಳೆಯ ಪುಸ್ತಕಗಳಲ್ಲಿ ‘ಹೋಕು’ ಎಂದೂ ಕಾಣುತ್ತದೆ. ‘ಹೆ’ ಎಂದರೆ ಕೂಡುವುದು, ‘ಗು’ ಎಂದರೆ ಕಣಿವೆ. ಹೆಬ್ಬೆರಳನ್ನು ತೋರುಬೆರಳಿನ ಬದಿಗೆ ಒತ್ತಿ ಹಿಡಿಯಿರಿ. ಕೈಯ ಹಿಂಭಾಗದಲ್ಲಿ ಒಂದು ಪುಟ್ಟ ಮಾಂಸದ ಗುಡ್ಡ ಏಳುತ್ತದೆ. ಗುಡ್ಡದ ನೆತ್ತಿಯ ಮೇಲೆ ಇನ್ನೊಂದು ಕೈಯ ಬೆರಳಿಟ್ಟು ಹೆಬ್ಬೆರಳನ್ನು ಸಡಿಲಿಸಿ. ಗುಡ್ಡ ಕುಸಿದು ಬೆರಳು ಎರಡು ಎಲುಬುಗಳ ನಡುವಿನ ತಗ್ಗಿಗೆ ಇಳಿಯುತ್ತದೆ. ಅಲ್ಲಿಂದ ತೋರುಬೆರಳಿನ ಕಡೆಯ ಎಲುಬಿನ ಅಂಚಿಗೆ ಒತ್ತಿದರೆ ಹಲ್ಲು ಕಚ್ಚುವಂಥ ಒಂದು ನೋವು ಏಳುತ್ತದಲ್ಲ, ಅದೇ ಜಾಗ. ಆ ಇಡೀ ಸಂದಿಗೆ ಚೀನೀಯರು ‘ಹುಲಿಯ ಬಾಯಿ’ ಎನ್ನುತ್ತಾರೆ. ಹೆಬ್ಬೆರಳು, ತೋರುಬೆರಳುಗಳನ್ನು ಅಗಲಿಸಿ ನೋಡಿದರೆ ಏಕೆಂದು ತಿಳಿಯುತ್ತದೆ.

ಚರ್ಮದ ಕೆಳಗೆ ಅಲ್ಲಿ ಇರುವುದು ಹೆಬ್ಬೆರಳು, ತೋರುಬೆರಳುಗಳ ಎಲುಬುಗಳನ್ನು ಬೆಸೆಯುವ ಒಂದು ದಪ್ಪ ಸ್ನಾಯು, ಅದರಡಿ ಇನ್ನೊಂದು. ಮೇಲ್ಪದರದಲ್ಲಿ ರೇಡಿಯಲ್ ನರದ ಎಳೆಗಳು, ಆಳದಲ್ಲಿ ಅಲ್ನರ್ ನರದ ಕವಲು. ಸಂದಿಯ ಮೂಲದಲ್ಲಿ, ಮಣಿಕಟ್ಟಿನ ಕಡೆಗೆ, ನಾಡಿ ನೋಡುವ ರಕ್ತನಾಳವೇ ಮುಂದುವರಿದು ಅಂಗೈಗೆ ಧುಮುಕುತ್ತದೆ. ನರಗಳು ಇಷ್ಟು ಒತ್ತಾಗಿರುವ ಕಡೆ ಚುಚ್ಚಿದರೆ ಮೈಗೆ ಅದು ಜೋರಾಗಿಯೇ ತಿಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ‘ದೊಡ್ಡ ಕರುಳು’. ಚೀನೀ ವೈದ್ಯದಲ್ಲಿ ದೇಹದ ತುಂಬ ‘ಚಿ’ ಎಂಬ ಪ್ರಾಣಶಕ್ತಿ ಹರಿಯುವ ದಾರಿಗಳಿವೆ ಎಂಬುದು ನಂಬಿಕೆ. ದಾರಿಗಳಿಗೆ ಒಂದೊಂದು ಅಂಗದ ಹೆಸರು. ದೊಡ್ಡ ಕರುಳಿನ ಹೆಸರು ಹೊತ್ತ ದಾರಿ ತೋರುಬೆರಳಿನ ಉಗುರಿನ ಬದಿಯಿಂದ ಹೊರಟು, ಈ ಕಣಿವೆ ಹಾದು, ತೋಳು, ಭುಜ, ಕುತ್ತಿಗೆ ಏರಿ ಕೆನ್ನೆಗೆ ಬಂದು ಕೆಳ ಒಸಡಿನೊಳಗೆ ನುಗ್ಗುತ್ತದೆ. ಆಮೇಲೆ ಮೇಲ್ದುಟಿಯ ನಡುವಿನ ಗೀರಿನಲ್ಲಿ ದಾಟಿ ಎದುರು ಬದಿಯ ಮೂಗಿನ ಹೊಳ್ಳೆಯ ಪಕ್ಕ ಮುಗಿಯುತ್ತದೆ. ಅದರ 20 ಬಿಂದುಗಳಲ್ಲಿ ಹೆಗು ನಾಲ್ಕನೆಯದು. ಆದ್ದರಿಂದ ಹೆಸರು ಕರುಳಿನದಾದರೂ ಕೆಲಸ ಹೇಳುವುದು ಮುಖದ್ದು: ಹಲ್ಲುನೋವು, ಮೂಗು ಕಟ್ಟುವುದು, ಗಂಟಲುನೋವು, ಕಣ್ಣುರಿ, ಮುಖ ಸೊಟ್ಟಗಾಗುವುದು, ತಲೆನೋವು. ದಾರಿ ಮುಖದಲ್ಲಿ ಬದಿ ಬದಲಿಸುವುದರಿಂದ ಎಡದವಡೆಯ ನೋವಿಗೆ ಬಲಗೈಯ ಬಿಂದುವನ್ನು ಆರಿಸುವ ಪದ್ಧತಿಯೂ ಇದೆ. ಚೀನಾದಲ್ಲಿ ಮಿಂಗ್ ವಂಶ ಆಳುತ್ತಿದ್ದ ಕಾಲದ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದ ನಾಲ್ಕು ಸಾಲಿನ ಹಾಡೊಂದನ್ನು ಇವತ್ತಿಗೂ ಕಲಿಸುತ್ತಾರೆ. ಹೊಟ್ಟೆಗೆ ಮೊಣಕಾಲ ಕೆಳಗಿನ ಬಿಂದು, ಸೊಂಟಕ್ಕೆ ಮಂಡಿಯ ಹಿಂಭಾಗದ್ದು, ತಲೆ ಮತ್ತು ಕತ್ತಿಗೆ ಮಣಿಕಟ್ಟಿನ ಬಳಿಯದು, ಮುಖ ಮತ್ತು ಬಾಯಿಗೆ ಹೆಗು. ಹೊಟ್ಟೆಯ ಪಾಲು ಬೇರೆ ಬಿಂದುವಿಗೆ ಹೋಗಿದೆ, ಗಮನಿಸಿದಿರಲ್ಲ? ಮಲಬದ್ಧತೆಗೆ ಇದನ್ನೊಂದನ್ನೇ ಒತ್ತಿ ಎಂದು ಪರಂಪರೆಯ ವೈದ್ಯನೂ ಹೇಳಲಾರ. ನೀರು, ಸೊಪ್ಪು, ಸಿಪ್ಪೆಸಹಿತ ಹಣ್ಣು; ಸಾಲದಿದ್ದರೆ ಇಸಬ್‌ಗೋಲು. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಮಲ ಗಟ್ಟಿಯಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಪರಂಪರೆಯ ಉಪಯೋಗಗಳಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಬೆವರಿನದು. ಹೆಗುವಿನಲ್ಲಿ ಶಕ್ತಿ ‘ತುಂಬಿ’, ಕಣಕಾಲಿನ ಮೇಲಿನ ಒಂದು ಬಿಂದುವಿನಲ್ಲಿ ‘ಬಸಿದರೆ’ ಬೆವರು ಬರುತ್ತದೆ. ತಿರುಗಿಸಿ ಮಾಡಿದರೆ ನಿಲ್ಲುತ್ತದೆ. ಹೀಗೆ ಒಂದೇ ಜೋಡಿಯನ್ನು ಎರಡು ದಿಕ್ಕಿಗೂ ತಿರುಗಿಸುವ ಯೋಚನೆ ಅವರಿಗೆ ಸಹಜ. ನಿಮ್ಮ ನಾದಿನಿಯ ಭಯ ಹುಟ್ಟಿದ್ದೂ ಇಂಥದ್ದೇ ಒಂದು ಜೋಡಿಯಿಂದ.

ಕಥೆ ಐದನೇ ಶತಮಾನದ ದಕ್ಷಿಣ ಚೀನಾದ್ದು. ಲಿಯು ಸಾಂಗ್ ವಂಶದ ಒಬ್ಬ ಹುಡುಗ ಚಕ್ರವರ್ತಿ, 472ರಿಂದ 477ರವರೆಗೆ ಆಳಿದವನು, ಕ್ರೌರ್ಯಕ್ಕೆ ಹೆಸರಾದವನು, ತಕ್ಕಮಟ್ಟಿಗೆ ನಾಡಿ ನೋಡಲೂ ಬಲ್ಲವನು. ಶು ವೆನ್‌ಬೊ ಎಂಬ ವೈದ್ಯನೊಂದಿಗೆ ತಿರುಗಾಡುವಾಗ ಒಬ್ಬ ಬಸುರಿ ಎದುರಾಗುತ್ತಾಳೆ. ಚಕ್ರವರ್ತಿ ನೋಡಿ ‘ಹೆಣ್ಣುಮಗು’ ಎನ್ನುತ್ತಾನೆ. ವೈದ್ಯ, ‘ಇಲ್ಲ ಪ್ರಭು, ಎರಡಿವೆ, ಒಂದು ಗಂಡು ಒಂದು ಹೆಣ್ಣು’ ಎನ್ನುತ್ತಾನೆ. ಯಾರದು ಸರಿ ಎಂದು ನೋಡಲು ಚಕ್ರವರ್ತಿ ಅವಳ ಹೊಟ್ಟೆ ಸೀಳಿಸಲು ಮುಂದಾಗುತ್ತಾನೆ. ವೈದ್ಯನಿಗೆ ಅವಳ ಮೇಲೆ ಮರುಕ ಹುಟ್ಟಿ, ಸೂಜಿ ಹಾಕುತ್ತೇನೆ, ತಾನಾಗಿಯೇ ಹೊರಬರುತ್ತದೆ ಎನ್ನುತ್ತಾನೆ. ಕಾಲಿನ ಒಂದು ದಾರಿಯನ್ನು ಬಸಿದು, ಕೈಯ ಈ ದಾರಿಯನ್ನು ತುಂಬುತ್ತಾನೆ. ಮಕ್ಕಳೆರಡೂ ಹೊರಬರುತ್ತವೆ, ವೈದ್ಯ ಹೇಳಿದಂತೆಯೇ. ಮುಂದೆ ಆ ಎರಡು ದಾರಿಗಳ ಮೇಲಿನ ಸಾನ್‌ಯಿಂಜಿಯಾವ್ ಮತ್ತು ಹೆಗು ಬಿಂದುಗಳ ಹೆಸರು ಕಥೆಗೆ ಅಂಟಿಕೊಂಡಿತು. ವಾಂಗ್ ವೇಯಿಯಿ ಎಂಬ ರಾಜವೈದ್ಯ 1026ರಲ್ಲಿ ಬಿಂದುಗಳ ಅಧಿಕೃತ ಗ್ರಂಥ ಬರೆದಾಗ, ಬಸುರಿಯರಿಗೆ ಇಲ್ಲಿ ಚುಚ್ಚಬಾರದು ಎಂಬ ನಿಷೇಧ ಬರಹಕ್ಕೇ ಇಳಿಯಿತು. ಪರೀಕ್ಷೆಗೆ ನಿಂತ ವಿದ್ಯಾರ್ಥಿಗಳಿಗಾಗಿ ಕಂಚಿನ ಟೊಳ್ಳು ಮನುಷ್ಯನನ್ನು ಎರಕ ಹೊಯ್ಸಿ, ಮೇಣ ಬಳಿದು, ಒಳಗೆ ನೀರು ತುಂಬಿಸಿಟ್ಟವನೂ ಇವನೇ. ಸರಿಯಾದ ಬಿಂದುವಿಗೆ ಸೂಜಿ ತಾಗಿದರೆ ನೀರು ಹನಿಯುತ್ತಿತ್ತು. ಇಂಥವನು ಬರೆದದ್ದನ್ನು ಮುಂದಿನವರು ಅಳಿಸುವ ಧೈರ್ಯ ಮಾಡಲಿಲ್ಲ. ನಿಷೇಧ ಹಸ್ತಾಂತರವಾಗುತ್ತ ನಿಮ್ಮ ಅಡುಗೆಮನೆಗೆ ಬಂದು ಮುಟ್ಟಿದೆ.

ಕಥೆಯನ್ನು ಪಕ್ಕಕ್ಕಿಟ್ಟು ಲೆಕ್ಕ ನೋಡೋಣ. ಈ ನಿಷೇಧವನ್ನು ನಮ್ಮ ಕಾಲದವರು ತಿರುಗುಮುರುಗು ಮಾಡಿ ಪರೀಕ್ಷಿಸಿದ್ದಾರೆ. ಗರ್ಭಕ್ಕೆ ಕುತ್ತು ಎನ್ನುವ ಬಿಂದುವಾದರೆ ದಿನ ತುಂಬಿದವರಿಗೆ ಹೆರಿಗೆ ನೋವು ಬರಿಸಲು ಆದೀತಲ್ಲ? ತಿಂಗಳು ತುಂಬಿದ ಬಸುರಿಯರಿಗೆ ಹೆಗು ಮತ್ತು ಸಾನ್‌ಯಿಂಜಿಯಾವ್‌ಗಳಂಥ ಬಿಂದುಗಳಿಗೆ ಸೂಜಿ ಹಾಕಿ, ಒತ್ತಿ ನೋಡಿದ್ದಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಇಂಥ 22 ಪ್ರಯೋಗಗಳನ್ನು ಒಟ್ಟುಹಾಕಿತು. ಸೂಜಿಯಿಂದ ಗರ್ಭದ ಕೊರಳು ಕೊಂಚ ಬೇಗ ಮೆತ್ತಗಾಗಬಹುದು ಎಂಬ ಸುಳಿವಿನ ಹೊರತು, ಸಿಸೇರಿಯನ್ ತಗ್ಗಿದ ಸ್ಪಷ್ಟ ಫಲ ಕಾಣಲಿಲ್ಲ. ಹೆರಿಗೆಗೆ ಮೈಯೇ ಸಿದ್ಧವಾಗಿರುವಾಗ, ತಜ್ಞರ ಕೈಯ ಸೂಜಿಗೆ ಸಿಕ್ಕ ಫಲವೇ ಇಷ್ಟು. 18 ವಾರದಲ್ಲಿ ಬಟ್ಟೆಯ ಕ್ಲಿಪ್ಪಿಗೆ ಆ ಬಲ ಎಲ್ಲಿಂದ ಬರಬೇಕು? ಕೈ ಒತ್ತಿದರೆ ಹೆರಿಗೆಯಾಗುವಂತಿದ್ದರೆ ಯಾವ ಹೆರಿಗೆ ವಾರ್ಡಿನಲ್ಲಿಯೂ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ನೇತಾಡುತ್ತಿರಲಿಲ್ಲ.

ಹಾಗಿದ್ದರೂ ‘ಒತ್ತಿದೆ, ಮರುವಾರ ಹೋಯಿತು’ ಎಂಬ ಕಥೆಗಳು ಏಕೆ ಸುತ್ತುತ್ತವೆ? ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ತಾವಾಗಿಯೇ ನಿಂತುಹೋಗುತ್ತವೆ. ಹೆಚ್ಚಿನ ಬಾರಿ ಕಾರಣ ಭ್ರೂಣದ ವರ್ಣತಂತುಗಳ ದೋಷ. ಕಳೆದುಕೊಂಡ ಹೆಣ್ಣುಮಗಳು ಹಿಂದಿನ ವಾರದಲ್ಲಿ ಏನು ಮಾಡಿದೆ ಎಂದು ಹುಡುಕುತ್ತಾಳೆ. ಪರಂಗಿಹಣ್ಣು ತಿಂದದ್ದು, ಮೆಟ್ಟಿಲು ಹತ್ತಿದ್ದು, ಕೈ ಒತ್ತಿಕೊಂಡದ್ದು, ಏನೋ ಒಂದು ಸಿಕ್ಕೇ ಸಿಗುತ್ತದೆ. ಒತ್ತಿಕೊಂಡೂ ಸುಸೂತ್ರವಾಗಿ ಹೆತ್ತವರು ಕಥೆ ಹೇಳುವುದಿಲ್ಲ.

ಇಷ್ಟಾದರೂ ನಾನು ಬಸುರಿಯರಿಗೆ ಹೆಗುವಿನಲ್ಲಿ ಸೂಜಿ ಹಾಕುವುದಿಲ್ಲ. ಇದು ಇಬ್ಬಗೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಸರಳ: ಅದೇ ಕೆಲಸಕ್ಕೆ ಬೇರೆ ಬಿಂದುಗಳಿವೆ, ಮತ್ತು ನಾಳೆ ಏನೇ ಆದರೂ ತಾಯಿಯ ಮನಸ್ಸು ನೇರ ಆ ಸೂಜಿಗೆ ಹೋಗಿ ನಿಲ್ಲುತ್ತದೆ. ಅಪಾಯ ಸಾಬೀತಾಗಿಲ್ಲ, ಲಾಭವೂ ದೊಡ್ಡದಲ್ಲ. ಹಾಗಿರುವಾಗ ಅಳುಕನ್ನು ಹೊರಿಸುವುದೇಕೆ? ನಿಮಗೂ ಅದನ್ನೇ ಹೇಳುತ್ತೇನೆ. ಒತ್ತಿದ್ದು ಆಯಿತು, ಇನ್ನು ಬಿಡಿ. ನಿಮ್ಮನ್ನು ನಿದ್ದೆಗೆಡಿಸುವ ಚಿಕಿತ್ಸೆ ಅರೆತಲೆನೋವಿಗೆ ಬಂದದ್ದೂ ಒಂದೇ ಬಿಟ್ಟದ್ದೂ ಒಂದೇ, ಏಕೆಂದರೆ ನಿದ್ದೆಗೇಡೇ ಅದನ್ನು ಕೆರಳಿಸುತ್ತದೆ.

ನೋವು ತಗ್ಗಿದ್ದು ಸುಳ್ಳೇ ಎಂದು ಕೇಳುತ್ತೀರಿ. ಸುಳ್ಳಲ್ಲ. 1973ರಲ್ಲಿ ಬೀಜಿಂಗಿನ ಸಂಶೋಧಕರು ಸ್ವಯಂಸೇವಕರ ಹೆಗುವಿಗೆ ಸೂಜಿ ಹಾಕಿ, ಮೈಯ ಬೇರೆ ಬೇರೆ ಕಡೆ ಚರ್ಮ ಎಷ್ಟು ನೋವು ತಡೆಯುತ್ತದೆ ಎಂದು ಅಳೆದರು. ತಡೆಯುವ ಶಕ್ತಿ ನಿಧಾನವಾಗಿ ಏರಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ತುದಿ ಮುಟ್ಟಿ, ಸೂಜಿ ತೆಗೆದ ಮೇಲೆ ಇಳಿಯಿತು. ಮೊದಲೇ ಆ ಬಿಂದುವಿನ ಆಳಕ್ಕೆ ಮರಗಟ್ಟಿಸುವ ಪ್ರೊಕೇನ್ ಚುಚ್ಚಿದಾಗ ಏರಲೇ ಇಲ್ಲ. ಎಂದರೆ ಕೆಲಸ ಮಾಡುವುದು ನರ. ನರ ಸತ್ತಂತಾದರೆ ಬಿಂದುವೂ ಇಲ್ಲ. 1977ರಲ್ಲಿ ಅಮೆರಿಕದಲ್ಲಿ ಹೆಗುವಿನ ಸೂಜಿಯಿಂದ ತಗ್ಗಿದ ಹಲ್ಲಿನ ನೋವು ನಾಲಾಕ್ಸೋನ್ ಕೊಟ್ಟಾಗ ಮರಳಿತು. ನಾಲಾಕ್ಸೋನ್ ಅಫೀಮಿನ ಜಾತಿಯ ಮದ್ದುಗಳ ಪರಿಣಾಮವನ್ನು ಅಳಿಸುವಂಥದ್ದು. ಅಂದರೆ ಸೂಜಿ ಮೈಯೊಳಗಿನ ನೋವುಶಾಮಕಗಳನ್ನೇ ಎಬ್ಬಿಸಿರಬೇಕು ಎಂಬ ಊಹೆ. ಮುಂದಿನ ಎಲ್ಲ ಪ್ರಯೋಗಗಳೂ ಇದಕ್ಕೆ ತಲೆದೂಗಲಿಲ್ಲ ಎಂಬುದನ್ನೂ ಹೇಳಬೇಕು. ಅದರ ಜೊತೆಗೆ ಇನ್ನೊಂದು ಹಳೆಯ ತತ್ತ್ವವಿದೆ: ಒಂದು ಕಡೆಯ ಚುರುಕಾದ ನೋವು ಇನ್ನೊಂದು ಕಡೆಯ ನೋವನ್ನು ಅಮುಕುತ್ತದೆ. ಕೈಯಲ್ಲಿ ಹಲ್ಲು ಕಚ್ಚುವಂಥ ನೋವು ಎದ್ದಾಗ ಮೆದುಳು ತಲೆಯ ಕಡೆಯ ಬಾಗಿಲನ್ನು ಅರೆಬರೆ ಮುಚ್ಚುತ್ತದೆ. ಹಾಗಾದರೆ ಅಲ್ಲೇ ಒತ್ತಬೇಕೇ, ಬೇರೆಲ್ಲಿ ಒತ್ತಿದರೂ ಆದೀತೇ? ಜರ್ಮನಿಯಲ್ಲಿ ಅರೆತಲೆನೋವಿನ (ಮೈಗ್ರೇನ್) 960 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸರಿಯಾದ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 47 ಮಂದಿಗೆ, ಬೇಕೆಂದೇ ಬಿಂದುವಲ್ಲದ ಕಡೆ ಚುಚ್ಚಿಸಿಕೊಂಡವರಲ್ಲಿ 39 ಮಂದಿಗೆ, ಎಂದಿನ ಮಾತ್ರೆ ನುಂಗಿದವರಲ್ಲಿ 40 ಮಂದಿಗೆ ಗಣನೀಯ ಉಪಶಮನ ಸಿಕ್ಕಿತು. ಈ ಮೂರರ ನಡುವಿನ ಅಂತರ ಅಂಕಿಅಂಶದ ಒರೆಗೆ ನಿಲ್ಲುವಷ್ಟಿರಲಿಲ್ಲ. ಸೂಜಿ ಮಾತ್ರೆಗೆ ಸರಿಸಾಟಿಯಾಯಿತು ಎಂದು ಆಕ್ಯುಪಂಕ್ಚರಿನವರು ಓದುತ್ತಾರೆ, ಬಿಂದುವಿಗೆ ವಿಶೇಷವಿಲ್ಲ ಎಂದು ವಿರೋಧಿಗಳು ಓದುತ್ತಾರೆ. ನನಗೆ ಎರಡೂ ಸರಿ ಅನ್ನಿಸುತ್ತವೆ.

ಇನ್ನು ನಿಮ್ಮ ತಲೆನೋವು. ಅರೆತಲೆನೋವು ಇರುವ ಬಹಳಷ್ಟು ಹೆಂಗಸರಿಗೆ ನಾಲ್ಕನೇ ತಿಂಗಳ ನಂತರ ಅದು ತಗ್ಗುತ್ತದೆ. ನಿಮಗೆ ಹೆಚ್ಚಾಗಿದೆ. ಕಾರಣ ಊಟದ ಏರುಪೇರೋ, ರಕ್ತಹೀನತೆಯೋ, ಕಾಫಿ ಒಮ್ಮೆಗೇ ಬಿಟ್ಟದ್ದೋ ಇರಬಹುದು, ನೋಡದೆ ಹೇಳಲಾಗದು. ಈ ವಾರವೇ ತಾಯಿ ಕಾರ್ಡ್ ಹಿಡಿದು ಹೆರಿಗೆ ವೈದ್ಯರ ಬಳಿ ಹೋಗಿ ರಕ್ತದೊತ್ತಡ ನೋಡಿಸಿ, ಹಿಮೋಗ್ಲೋಬಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ. 20 ವಾರ ದಾಟಿದ ಮೇಲೆ ತಲೆನೋವಿಗೆ ಬೇರೆಯೇ ಅರ್ಥ ಬರಬಹುದು. ಒತ್ತಡ 140/90 ಮುಟ್ಟಿದರೆ, ಕಣ್ಣೆದುರು ಮಿಂಚು ಸುಳಿದರೆ, ದೃಷ್ಟಿ ಮಂಜಾದರೆ, ಎದೆಗೂಡಿನ ಕೆಳಗೆ ಹೊಟ್ಟೆ ನೊಂದರೆ, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ ಅದು ಗರ್ಭಿಣಿಯರ ನಂಜು (ಪ್ರಿಎಕ್ಲಾಂಪ್ಸಿಯಾ) ಇರಬಹುದು. ಆಗ ಬೆಳಗಾಗುವವರೆಗೆ ಕಾಯಬೇಡಿ. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ತಲೆನೋವು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ಜ್ವರದೊಂದಿಗೆ ಕತ್ತು ಬಿಗಿಯುವುದು, ಇವಕ್ಕೂ ಅದೇ ಮಾತು. ನಿಮಗೆ ಹಳೆಯ ಅರೆತಲೆನೋವು ಇದೆಯಲ್ಲ, ಅದೇ ಇಲ್ಲಿನ ತೊಡಕು: ಹೊಸ ರೋಗದ ತಲೆನೋವನ್ನೂ ‘ನನ್ನದು ಎಂದಿನದೇ’ ಎಂದುಕೊಂಡು ಕೈ ಒತ್ತಿಕೊಂಡು ಕೂರುತ್ತೀರಿ. ಹೆಗುವಿನಿಂದ ಯಾರಿಗಾದರೂ ನಿಜವಾದ ಹಾನಿಯಾದರೆ ಅದು ಆಗುವುದು ಹೀಗೆ.

ಒತ್ತಡ ಸರಿಯಿದ್ದರೆ ಪ್ಯಾರಾಸಿಟಮಾಲ್‌ಗೆ ಹೆದರಬೇಕಿಲ್ಲ. ಬಸುರಿಯರ ನೋವಿಗೆ ನಾವು ಮೊದಲು ಕೊಡುವುದೇ ಅದನ್ನು. ಅದರಿಂದ ಮಗುವಿಗೆ ಆಟಿಸಂ ಬರುತ್ತದೆ ಎಂಬ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. 2024ರಲ್ಲಿ ಸ್ವೀಡನ್ನಿನ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿ, ಒಡಹುಟ್ಟಿದವರನ್ನು ಒಬ್ಬರಿಗೊಬ್ಬರು ಹೋಲಿಸಿದಾಗ ಅಂಥ ನಂಟು ಕಾಣಲಿಲ್ಲ. ಬೇಕಾದಾಗ, ಕಡಿಮೆ ದಿನ, ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗಿ. ತಿಂಗಳಲ್ಲಿ ಅರ್ಧ ದಿನಗಳಷ್ಟು ನುಂಗುವಂತಾದರೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ, ಆಗ ದಾರಿ ಬದಲಿಸಬೇಕು. ಮನೆಯ ಡಬ್ಬಿಯಲ್ಲಿ ಮದುವೆಗೆ ಮೊದಲಿನ ಮೈಗ್ರೇನ್ ಮಾತ್ರೆ ಉಳಿದಿದ್ದರೆ ಮುಟ್ಟಬೇಡಿ. ಅಂಥ ಕೆಲವದರಲ್ಲಿ ಎರ್ಗೋಟಮಿನ್ ಇರುತ್ತದೆ. ಅದು ರಕ್ತನಾಳಗಳನ್ನೂ ಗರ್ಭಕೋಶವನ್ನೂ ಬಿಗಿಯುತ್ತದೆ. ನಾದಿನಿಯವರ ಭಯಕ್ಕೆ ತಕ್ಕ ವಸ್ತು ನಿಜಕ್ಕೂ ಅದು. ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೂಡ ಬೇಡ. ತಡೆಗಟ್ಟಲೆಂದು ವ್ಯಾಲ್‌ಪ್ರೊಯೇಟ್ ಅಥವಾ ಟೊಪಿರಮೇಟ್ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ ಇವತ್ತೇ ವೈದ್ಯರಿಗೆ ತಿಳಿಸಿ.

ಸೂಜಿ ಚಿಕಿತ್ಸೆಯನ್ನೇ ಬಯಸಿದರೆ ಅದೂ ಒಂದು ದಾರಿ. ಆದರೆ ವೈದ್ಯಕೀಯ ಪದವಿ ಇದ್ದು ಬಸುರಿಯರಿಗೆ ಚಿಕಿತ್ಸೆ ಕೊಟ್ಟು ಅನುಭವವಿರುವವರ ಬಳಿ ಹೋಗಿ. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಕೋರ್ಸಿನಲ್ಲಿ ಇದನ್ನು ಕಲಿಸುತ್ತಾರೆ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಬಳಸಿದ್ದನ್ನು ನಿಮ್ಮೆದುರೇ ಎಸೆಯಬೇಕು. ಮಲಗಿಕೊಂಡೇ ಹಾಕಿಸಿಕೊಳ್ಳಿ. ಹೆಗುವಿಗೆ ಮೊದಲ ಬಾರಿ ಸೂಜಿ ಬಿದ್ದಾಗ ಕೂತಲ್ಲೇ ಕಣ್ಣು ಕತ್ತಲಿಟ್ಟು ಜಾರಿದ ದಪ್ಪ ಆಳುಗಳನ್ನು ನಾನು ಹಿಡಿದು ಮಲಗಿಸಿದ್ದೇನೆ. ಅಂಗಡಿಯಲ್ಲಿ ಸಿಗುವ ಬಣ್ಣದ ಅಂಗೈ ಚಿತ್ರಪಟ ನೋಡಿ ಚಿಕಿತ್ಸೆ ಮಾಡುವವರದು ಬೇರೆ ಕಸುಬು. ಅಂಗೈಯಲ್ಲಿ ಇಡೀ ದೇಹವನ್ನು ಬರೆಯುವ ಸುಜೋಕ್ ಕೊರಿಯಾದ್ದು, 1980ರ ದಶಕದ್ದು. ಚೀನಾದ ಹಳೆಯ ಬಿಂದುಗಳೊಂದಿಗೆ ಅದನ್ನು ಬೆರೆಸಬೇಡಿ.

ಕೈಯ ನೀಲಿಗೆ ಏನೂ ಹಚ್ಚಬೇಕಿಲ್ಲ, ಹತ್ತು ಹದಿನೈದು ದಿನಗಳಲ್ಲಿ ಹಳದಿಗೆ ತಿರುಗಿ ಮಾಯುತ್ತದೆ. ಹೆಬ್ಬೆರಳ ಹಿಂಭಾಗ ಜೋಮು ಹಿಡಿದಂತಿದ್ದರೆ ಕ್ಲಿಪ್ಪು ನರದ ಎಳೆಯನ್ನು ಹಿಸುಕಿದೆ ಎಂದರ್ಥ. ಹೆಚ್ಚಾಗಿ ಅದೂ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಗಂಡನಿಗೆ ಹೇಳಿಬಿಡಿ, ವೈದ್ಯರ ಬಳಿ ಹೋಗುವಾಗ ಅವರೂ ಬರಲಿ.

ಅತ್ತೆಯವರ ಹಲ್ಲು ಇದಕ್ಕಿಂತ ಅವಸರದ್ದು. ಹಲ್ಲುನೋವಿಗೆ ಹೆಗು ಒತ್ತಿಕೊಂಡೇ ಮೂರು ವಾರ ನೂಕಿದ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದಿದ್ದರು. ಒತ್ತುವ ಜಾಗವನ್ನು ಅವರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ನೋವೂ ತಗ್ಗುತ್ತಿತ್ತಂತೆ. ಅಷ್ಟರಲ್ಲಿ ಹುಳುಕಿನ ಬುಡದಲ್ಲಿ ಕೀವು ತುಂಬಿ ದವಡೆಯ ಕೆಳಗೆ ಇಳಿದಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅರಿವಳಿಕೆ ಕೊಡಲು ಉಸಿರಿನ ನಳಿಕೆ ತೂರಿಸುವಷ್ಟರಲ್ಲಿ ನಾನು ಬೆವೆತುಹೋಗಿದ್ದೆ. ದಂತವೈದ್ಯರ ಬಳಿ ಹೋಗುವ ದಾರಿಯಲ್ಲಿ ಅತ್ತೆಯವರು ಬೇಕಾದಷ್ಟು ಒತ್ತಿಕೊಳ್ಳಲಿ, ಅಡ್ಡಿಯಿಲ್ಲ. ಆದರೆ ಹೋಗುವುದು ಈ ವಾರವೇ ಆಗಲಿ. ಕೆನ್ನೆ ಊದಿದ್ದರೆ, ಜ್ವರವಿದ್ದರೆ, ಎಂಜಲು ನುಂಗಲು ಕಷ್ಟವಾಗುತ್ತಿದ್ದರೆ ಇವತ್ತೇ ಕರೆದೊಯ್ಯಿರಿ.